ಗೋಡೆ ಕೊರೆಯುವವರು

ಹೊನ್ನಾಳಿಯಲ್ಲಿ ಕಲ್ಲೇಶಪ್ಪನವರು ಕಟ್ಟಿಸುತ್ತಿದ್ದ ಮನೆಯ ಅಡುಗೆಕೋಣೆ. ಗೋಡೆಯಲ್ಲಿ ನೀರಿನ ಪೈಪು ಕೂರಿಸಲು ಜಾಗ ಕೊರೆಯುತ್ತಿದ್ದಾಗ ಕೊಟ್ರೇಶನ ಕೈಯಲ್ಲಿದ್ದ ಕಟಿಂಗ್ ಮಷಿನ್ ಹಿಂದಕ್ಕೆ ಹಾರಿ, ಅವನ ತಮ್ಮ ಪ್ರವೀಣನ ಎಡಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿತು. ಪ್ರವೀಣ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಸ್ವಿಚ್ ಬೋರ್ಡಿಗೆ ಗುರುತು ಹಾಕುತ್ತಿದ್ದ. ಕೊಟ್ರೇಶನ ಹೆಂಡತಿ ಹೇಮಾವತಿ ಧೂಳು ಏಳದಿರಲೆಂದು ಮಗ್ಗಿನಿಂದ ಗೋಡೆಗೆ ನೀರು ಹಾಕುತ್ತಿದ್ದಳು. ಅವಳು ಮಗ್ಗು ಬಿಸಾಡಿ ಮೈದುನನ ಕೈಯನ್ನು ತನ್ನ ಸೆರಗಿನಿಂದ ಬಿಗಿದು ಕಟ್ಟಿದಳು. ಸೆರಗು ನೆನೆದು ನೆಲಕ್ಕೆ ತೊಟ್ಟಿಕ್ಕತೊಡಗಿತು. ಕೊಟ್ರೇಶ ಮೊದಲು ಮಾಡಿದ ಕೆಲಸವೆಂದರೆ ಮಷಿನ್ ಎತ್ತಿ ಬ್ಲೇಡು ಮುರಿದಿದೆಯೇ ಎಂದು ನೋಡಿದ್ದು.

ಆಸ್ಪತ್ರೆಯಿಂದ ನ್ಯಾಮತಿಯ ಮನೆಗೆ ಬರುವಾಗ ಪ್ರವೀಣನ ಕೈ ಭುಜದವರೆಗೆ ಬ್ಯಾಂಡೇಜಿನಲ್ಲಿತ್ತು. ನರಗಳು ತುಂಡಾಗಿವೆ, ಹೊಲಿದಿದ್ದೇವೆ, ಕೊನೆಯ ಎರಡು ಬೆರಳು ಮಡಚುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ವೈರಿಂಗ್ ಕೆಲಸ ಮಾಡುವವನಿಗೆ ಅದರ ಅರ್ಥವೇನೆಂದು ಮನೆಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ.

ಕೊಟ್ರೇಶ ಓಣಿಯವರಿಗೆಲ್ಲ ಒಂದೇ ಮಾತು ಹೇಳಿಕೊಂಡು ತಿರುಗಿದ. ಪ್ರವೀಣ ನೋಡದೆ ವೈರು ತುಳಿದ, ಮಷಿನ್ ಜಗ್ಗಿತು, ಅದಕ್ಕೇ ಹೀಗಾಯಿತು. ತಂದೆ ಬೆನಕಪ್ಪ ಅದನ್ನು ನಂಬಿದ, ಇಲ್ಲವೇ ನಂಬಿದಂತೆ ಸುಮ್ಮನಿದ್ದ. ಬೆನಕಪ್ಪನೂ ಅದೇ ಕಸುಬಿನವನು. ಮಷಿನ್ನುಗಳು ಬರುವ ಮುಂಚಿನಿಂದ ಚಾಣವೆಂಬ ಕಬ್ಬಿಣದ ಉಳಿ ಮತ್ತು ಸುತ್ತಿಗೆಯಲ್ಲೇ ಗೋಡೆ ಕೊರೆದವನು. ಈಗ ಅವನ ಬಲಗೈ ನಡುಗುತ್ತದೆ, ಚಹದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಆದರೆ ಸುತ್ತಿಗೆ ಹಿಡಿದಾಗ ಮಾತ್ರ ನಡುಕ ನಿಂತುಬಿಡುತ್ತದೆ.

ಪ್ರವೀಣ ಗುರುತು ಹಾಕುತ್ತ ಬಗ್ಗಿದ್ದರಿಂದ, ನಡೆದದ್ದನ್ನು ಕಣ್ಣಾರೆ ಕಂಡವಳು ಹೇಮಾವತಿ ಒಬ್ಬಳೇ. ಸಣ್ಣ ಮಷಿನ್ನಿಗೆ ದೊಡ್ಡ ಬ್ಲೇಡು ಹಾಕಿದರೆ ಒಂದೇ ಸಲಕ್ಕೆ ಆಳ ಸಿಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಬ್ಲೇಡಿನ ಮೇಲೆ ಕಬ್ಬಿಣದ ಕವರ್ ಇದ್ದರೆ ದೊಡ್ಡ ಬ್ಲೇಡು ಕೂರುವುದಿಲ್ಲ. ಕೊಟ್ರೇಶ ಕವರ್ ಬಿಚ್ಚಿ ಎಸೆದು ವರ್ಷಗಳೇ ಆಗಿದ್ದವು. ಅವತ್ತು ಗೋಡೆಯೊಳಗಿನ ಕಬ್ಬಿಣದ ಸರಳಿಗೆ ಬ್ಲೇಡು ಸಿಕ್ಕಿಕೊಂಡಿತು. ಒದೆಯುವ ಮಷಿನ್ನನ್ನು ತಡೆಯಲು ಅಲ್ಲಿ ಏನೂ ಇರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಕೊಟ್ರೇಶ ಮತ್ತೆ ವೈರಿನ ಮಾತು ತೆಗೆದ. ಪ್ರವೀಣ ಬಲಗೈಯಲ್ಲಿ ರೊಟ್ಟಿ ಮುರಿಯಲಾರದೆ ಒದ್ದಾಡುತ್ತಿದ್ದ. ಒಂದೇ ಕೈಯಲ್ಲಿ ಜೋಳದ ರೊಟ್ಟಿ ಮುರಿಯುವುದು ಸುಲಭವಲ್ಲ. ಹೇಮಾವತಿ ಅವನ ತಟ್ಟೆ ಎಳೆದುಕೊಂಡು ರೊಟ್ಟಿ ಮುರಿದು ಹುರುಳಿಕಾಳಿನ ಸಾರಿನಲ್ಲಿ ನೆನೆಸಿದಳು. ಆಮೇಲೆ ತಲೆಯೆತ್ತದೆ ಹೇಳಿದಳು.

"ಅವ ವೈರು ತುಳೀಲಿಲ್ಲ ಮಾವ. ಕವರ್ ಇಲ್ದಿರೋ ಮಷಿನ್ನಾಗೆ ದೊಡ್ಡ ಬ್ಲೇಡು ಹಾಕಿದ್ರು. ನಾನು ಅಲ್ಲೇ ಇದ್ದೆ."

ಕೊಟ್ರೇಶನ ತಟ್ಟೆ ಗೋಡೆಗೆ ಬಡಿಯಿತು. ಸಾರು ಸುಣ್ಣದ ಮೇಲೆ ಇಳಿಯುವಷ್ಟರಲ್ಲಿ ಅವನು ಹೇಮಾವತಿಯ ಜಡೆ ಹಿಡಿದು ಎಳೆದು ಕೆನ್ನೆಗೆ ಬಾರಿಸಿದ. ಎರಡನೆಯ ಏಟಿಗೆ ಅವಳ ತುಟಿ ಒಡೆಯಿತು. ಬೆನಕಪ್ಪ ಎದ್ದು ಬಾಗಿಲ ಬಳಿಯಿದ್ದ ಚಪ್ಪಲಿ ತೆಗೆದುಕೊಂಡು ಮಗನ ಬೆನ್ನಿಗೂ ತಲೆಗೂ ಸಿಕ್ಕ ಸಿಕ್ಕಲ್ಲಿ ಹೊಡೆದ. ತಮ್ಮನ ಕೈ ತೆಗೆದು ಅಪ್ಪನಿಗೆ ಸುಳ್ಳು ಹೇಳಿದೆಯಾ ಎಂದು ಕೇಳುತ್ತ ಹೊಡೆದ. ಹೆಂಡತಿಗೆ ಯಾಕೆ ಹೊಡೆದೆ ಎಂದು ಕೇಳಲಿಲ್ಲ.

ಅತ್ತೆ ಸಿದ್ದಲಿಂಗಮ್ಮ ಅರಿಶಿನ ತಂದು ಸೊಸೆಯ ತುಟಿಗೆ ಒತ್ತಿದಳು. ಗಂಡನ ಕಡೆ ತಿರುಗಿ, "ಇವಂಗೆ ಸುತ್ತಿಗೆ ಹಿಡಿಕೆಯಾಗೆ ಹೊಡೆದು ಕೆಲಸ ಕಲಿಸಿದ್ರಿ. ಕೆಲಸಾನೂ ಕಲ್ತ, ಹೊಡೆಯೋದನ್ನೂ ಕಲ್ತ," ಎಂದಳು. ಬೆನಕಪ್ಪ ಚಪ್ಪಲಿ ಕೆಳಗೆ ಹಾಕಿ ಹೊರಗೆ ಹೋದ.

ಅದಾದ ಮೇಲೆ ಆ ಮನೆಯಲ್ಲಿ ಯಾವ ಹೊತ್ತಿನ ಊಟವೂ ಒಟ್ಟಿಗೆ ಆಗಲಿಲ್ಲ. ಕೊಟ್ರೇಶ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿಂದು ಬರುತ್ತಿದ್ದ. ಬೆನಕಪ್ಪನಿಗೆ ಜಗುಲಿಗೇ ತಟ್ಟೆ ಹೋಗುತ್ತಿತ್ತು. ಬ್ಯಾಂಡೇಜು ಬಿಚ್ಚಿದ ದಿನ ಪ್ರವೀಣ ತನ್ನ ಬೆರಳುಗಳನ್ನು ಮಡಚಲು ನೋಡಿದ. ಎರಡು ಬೆರಳು ಕಟ್ಟಿಗೆಯ ಹಾಗೆ ನೆಟ್ಟಗೆ ನಿಂತಿದ್ದವು. ಅಣ್ಣ ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ. ಪ್ರವೀಣ ಮೂಲೆಯಲ್ಲಿದ್ದ ಚಾಣ ಎತ್ತಿ ಬಲಗೈಯಿಂದ ಬೀಸಿ ಒಗೆದ. ಅದು ಕೊಟ್ರೇಶನ ಕಿವಿಯ ಪಕ್ಕದಿಂದ ಹಾದು ಅಂಗಳದಾಚೆಯ ಬಚ್ಚಲ ಬಾಗಿಲಿನ ಹಲಗೆಯಲ್ಲಿ ನಾಟಿತು. ಕೊಟ್ರೇಶ ಅವನ ಮೇಲೆ ಬಿದ್ದು, ಹೊಲಿಗೆಯ ಗಾಯದ ಮೇಲೆಯೇ ಮೊಣಕಾಲು ಒತ್ತಿ ಗುದ್ದಿದ. ಅಕ್ಕಪಕ್ಕದವರು ಬಂದು ಬಿಡಿಸಬೇಕಾಯಿತು.

ಜಗಳೂರಿನಿಂದ ಕೆಲಸದ ಕರೆ ಬಂದದ್ದು ಇಂಥ ದಿನಗಳಲ್ಲಿ. ಹೇಮಾವತಿಯ ತವರು ಅದೇ ಊರು. ಅವಳ ಅಣ್ಣ ಪಂಚಾಕ್ಷರಪ್ಪ ಅಲ್ಲಿ ಗೊಬ್ಬರದಂಗಡಿ ಇಟ್ಟುಕೊಂಡಿದ್ದು, ಹಳೆ ಮನೆಯ ಹಿಂದೆ ಹೊಸದು ಕಟ್ಟಿಸುತ್ತಿದ್ದ. ಗೋಡೆ ಎದ್ದಿದೆ, ಸಿಮೆಂಟು ಬಳಿದು ಗಿಲಾವು ಆಗುವ ಮುಂಚೆ ಪೈಪು, ವೈರಿಂಗ್ ಎರಡಕ್ಕೂ ಕೊರೆಯಬೇಕು, ನಮ್ಮವರೇ ಬರಲಿ ಎಂದು ಅವನು ಬೆನಕಪ್ಪನಿಗೇ ಫೋನ್ ಮಾಡಿದ. ಬೆನಕಪ್ಪ ಒಪ್ಪಿಕೊಂಡ.

ಹೇಮಾವತಿ ಒಂದು ಮಾತು ಹೇಳಿದಳು. ಕವರ್ ಇಲ್ಲದ ಆ ಮಷಿನ್ ತನ್ನ ಅಣ್ಣನ ಮನೆಗೆ ಬರುವುದು ಬೇಡ, ಬಂದರೆ ತಾನು ನೀರು ಹಾಕುವುದಿಲ್ಲ, ಅನ್ನವನ್ನೂ ಬಡಿಸುವುದಿಲ್ಲ. ಕೊಟ್ರೇಶ, ಹಾಗಾದರೆ ಚಾಣದಲ್ಲೇ ಕೊರೆದುಕೊಳ್ಳಿ, ಶಿವರಾತ್ರಿಯವರೆಗೂ ಕುಟ್ಟುತ್ತ ಇರಿ ಎಂದ. ಬೆನಕಪ್ಪ, ಚನ್ನಗಿರಿಗೆ ಹೋಗಿ ಬೇರೆ ಮಷಿನ್ ನೋಡೋಣ ಎಂದ. ಅಲ್ಲಿ ನಾಗರಾಜಪ್ಪ ಎಂಬ ಪರಿಚಯದವರ ಅಂಗಡಿಯಿತ್ತು. ಅವರು ಮಷಿನ್ ಮಾರುವ ಮೊದಲು ಹಿತ್ತಲಿನ ಗೋಡೆಯಲ್ಲಿ ಓಡಿಸಿ ನೋಡಲು ಬಿಡುತ್ತಿದ್ದರು.

ಅಪ್ಪ, ಮಗ, ಸೊಸೆ ಮೂವರೂ ಹೋದರು. ನಾಗರಾಜಪ್ಪ ಮೊದಲು ಬ್ರೇಕರ್ ತೋರಿಸಿದರು. ಅದು ಗೋಡೆಯನ್ನು ಕೊರೆಯುವುದಿಲ್ಲ, ಒಡೆಯುತ್ತದೆ. ತೆಳುವಾದ ಗೋಡೆಗೆ ಹಿಡಿದರೆ ಆಚೆ ಬದಿಯೂ ಉದುರಬಹುದೆಂದು ಅವರೇ ಬೇಡವೆಂದರು. ಆಮೇಲೆ ಕೊಟ್ರೇಶನ ಬಳಿ ಇದ್ದಂಥದೇ ಸಣ್ಣ ಕಟಿಂಗ್ ಮಷಿನ್ ತೆಗೆದರು, ಕವರ್ ಸಮೇತ. ಕೊನೆಗೆ ಎರಡು ಬ್ಲೇಡಿನದನ್ನು ಎತ್ತಿ ಮೇಜಿನ ಮೇಲಿಟ್ಟರು. ಬ್ಲೇಡುಗಳೆರಡೂ ದಪ್ಪನೆಯ ಚಿಪ್ಪಿನೊಳಗೆ ಮುಚ್ಚಿಕೊಂಡಿದ್ದವು. ಗೋಡೆಗೆ ಒತ್ತಿದಾಗ ಮಾತ್ರ ಹೊರಬರುತ್ತಿದ್ದವು. ಹಿಂದಿನಿಂದ ಧೂಳು ಎಳೆಯುವ ಕೊಳವೆಯಿತ್ತು. ಒಂದೇ ಓಟಕ್ಕೆ ಎರಡು ಸಾಲು ಗೀರು ಬೀಳುತ್ತದೆ, ನಡುವಿನದನ್ನು ಚಾಣದಲ್ಲಿ ಎಬ್ಬಿಸಿದರೆ ಪೈಪು ಕೂರುತ್ತದೆ.

"ಭಾರ ಐತೆ, ಮೂಲೆಗೆ ಹೋಗಲ್ಲ. ಮೂಲೆಯಾಗೆ ಚಾಣಾನೇ ಬೇಕು. ಆದ್ರೆ ಒದೆಯಲ್ಲ," ಎಂದರು ನಾಗರಾಜಪ್ಪ.

ಕೊಟ್ರೇಶ ಓಡಿಸಿ ನೋಡಿದ. ಅವಸರದಲ್ಲಿ ಒತ್ತಿದ್ದಕ್ಕೆ ಮಷಿನ್ ನಿಂತಿತು. ಇನ್ನೂ ಒತ್ತಿದ, ಮತ್ತೆ ನಿಂತಿತು. ಇದು ಹೆಂಗಸರು ಓಡಿಸುವ ಮಷಿನ್ ಎಂದು ಅಲ್ಲೇ ಇಟ್ಟುಬಿಟ್ಟ. ಹೇಮಾವತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದನ್ನು ಎತ್ತಿದಳು. ಮೊದಲು ಭಾರಕ್ಕೆ ತೋಳು ಇಳಿದುಹೋಯಿತು. ನಾಗರಾಜಪ್ಪ ಹೇಳಿದಂತೆ ಮೈಭಾರ ಹಾಕದೆ, ಮಷಿನ್ ತಾನಾಗಿ ಹೋಗುವಷ್ಟೇ ಮೇಲಿಂದ ಕೆಳಕ್ಕೆ ಇಳಿಸಿದಳು. ಗೋಡೆಯ ಮೇಲೆ ಎರಡು ಸಾಲು ನೆಟ್ಟಗೆ ಬಿದ್ದವು. ಬೆನಕಪ್ಪ ಹತ್ತಿರ ಹೋಗಿ ಗೀರಿನೊಳಗೆ ಉಗುರು ಹಾಕಿ ಆಳ ನೋಡಿದ. ಇದೇ ಇರಲಿ ಎಂದ.

ಕೊಟ್ರೇಶ ಅಂಗಡಿಯವರ ಎದುರಿಗೇ ಅಪ್ಪನನ್ನು ಬೈದು, ಬೈಕು ತೆಗೆದುಕೊಂಡು ಹೋದ. ಮಾವ ಮತ್ತು ಸೊಸೆ ಮಷಿನ್ ಡಬ್ಬ ಹೊತ್ತುಕೊಂಡು ಬಸ್ಸಿನಲ್ಲಿ ಬಂದರು. ಅವತ್ತು ಸಂಜೆ ಅವಳು ಹಿಟ್ಟು ಕಲಸುತ್ತಿರುವಾಗ ಕೊಟ್ರೇಶ ಅಡುಗೆಮನೆಗೆ ಬಂದು ಲಟ್ಟಣಿಗೆಯಿಂದ ಅವಳ ಬೆನ್ನಿಗೆ ಹೊಡೆದ. ಅಂಗಡಿಯಲ್ಲಿ ನನ್ನ ಮರ್ಯಾದೆ ತೆಗೆದೆ ಎಂದ. ಅವಳು ಹಿಟ್ಟಿನ ಪರಾತ ಅಡ್ಡ ಹಿಡಿದಳು. ಲಟ್ಟಣಿಗೆ ಅದರ ಮೇಲೆ ಬಿದ್ದ ಸದ್ದು ಜಗುಲಿಯವರೆಗೂ ಕೇಳಿಸಿತು. ಜಗುಲಿಯಲ್ಲಿದ್ದವನು ಬೆನಕಪ್ಪ. ಅವನು ಕೆಮ್ಮಿದ, ಆದರೆ ಒಳಗೆ ಬರಲಿಲ್ಲ.

ಜಗಳೂರಿಗೆ ಬೆನಕಪ್ಪ, ಹೇಮಾವತಿ, ಪ್ರವೀಣ ಹೋದರು. ಕೊಟ್ರೇಶ ಬರಲಿಲ್ಲ. ಹೇಮಾವತಿ ಸೀರೆಯ ಮೇಲೆ ಗಂಡನ ಹಳೆ ಅಂಗಿ ತೊಟ್ಟು, ಕಣ್ಣಿಗೆ ಕನ್ನಡಕ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ ಮಷಿನ್ ಓಡಿಸಿದಳು. ಪ್ರವೀಣ ಬಲಗೈಯಲ್ಲಿ ಗೆರೆ ಹಾಕಿಕೊಡುತ್ತಿದ್ದ. ಬೆನಕಪ್ಪ ನಡುವಿನ ಇಟ್ಟಿಗೆಯನ್ನು ಚಾಣದಲ್ಲಿ ಎಬ್ಬಿಸುತ್ತಿದ್ದ. ಪಂಚಾಕ್ಷರಪ್ಪನ ಹೆಂಡತಿ ಅರುಣಾ ಮಧ್ಯಾಹ್ನಕ್ಕೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತರುತ್ತಿದ್ದಳು. ಬಯಲುಸೀಮೆಯ ಗಾಳಿ ಕಿಟಕಿಯಿಲ್ಲದ ಗೋಡೆಗಳ ನಡುವೆ ನುಗ್ಗುತ್ತಿತ್ತು. ಊಟದ ಹೊತ್ತಿನಲ್ಲಿ ಪ್ರವೀಣ ಒಮ್ಮೆ ನಕ್ಕ. ಗಾಯವಾದ ಮೇಲೆ ಅವನು ನಕ್ಕದ್ದನ್ನು ಹೇಮಾವತಿ ನೋಡಿದ್ದು ಅದೇ ಮೊದಲು.

ಅಡುಗೆಮನೆ, ಬಚ್ಚಲು ಮುಗಿದು ನಡುಮನೆಯ ಗೋಡೆ ಹಿಡಿದ ದಿನ ಕೊಟ್ರೇಶ ಬಂದ. ಕೈಚೀಲದಲ್ಲಿ ಅವನ ಹಳೆ ಮಷಿನ್ ಇತ್ತು. ಬೆಳಿಗ್ಗೆಯೇ ಕುಡಿದಿದ್ದ. ಯಾರನ್ನೂ ಮಾತನಾಡಿಸದೆ ಅದನ್ನು ಪ್ಲಗ್ಗಿಗೆ ಹಾಕಿ, ಪಿಲ್ಲರಿನ ಮೇಲೆ ಅಡ್ಡಡ್ಡ ಕೊರೆಯಲು ನಿಂತ. ಮನೆಯ ಭಾರವೆಲ್ಲ ಆ ಪಿಲ್ಲರಿನ ಮೇಲಿದೆ, ಅದನ್ನು ಮುಟ್ಟಬಾರದೆಂದು ಪ್ರವೀಣ ಹೇಳಿದ. ಪಂಚಾಕ್ಷರಪ್ಪ ಬಂದು ಭಾವನ ಭುಜದ ಮೇಲೆ ಕೈಯಿಟ್ಟು, ಬ್ಯಾಡ ಬಿಡ್ರಿ, ಚಹ ಕುಡಿಯೋಣ ಬರ್ರಿ ಎಂದ. ಕೊಟ್ರೇಶ ಅವನ ಎದೆಗೆ ಗುದ್ದಿದ. ಪಂಚಾಕ್ಷರಪ್ಪ ಮರಳಿನ ಗುಡ್ಡೆಯ ಮೇಲೆ ಬಿದ್ದ.

ಹೇಮಾವತಿ ತನ್ನ ಮಷಿನ್ ಕೆಳಗಿಟ್ಟು ಎದುರಿಗೆ ಬಂದಳು.

"ಇದು ನಮ್ಮಣ್ಣನ ಮನೆ. ಅದನ್ನ ಆಫ್ ಮಾಡಿ ಹೊರಗೆ ನಡೀರಿ," ಎಂದಳು.

"ಗೋಡೆ ಕೊರೆಯಾಕೆ ಬಂದಾಳೆ ನೋಡು. ಮೊದ್ಲು ನಿನ್ನ ನಾಲಿಗೆ ಕೊರೀತೀನಿ," ಎಂದ ಕೊಟ್ರೇಶ, ಮತ್ತು ಓಡುತ್ತಿದ್ದ ಮಷಿನ್ನನ್ನು ಅವಳ ಮುಖದ ಮಟ್ಟಕ್ಕೆ ಎತ್ತಿಕೊಂಡು ಬಂದ.

ಪ್ರವೀಣ ಓಡಿ ಪ್ಲಗ್ ಕಿತ್ತ. ಆದರೆ ಕರೆಂಟು ಹೋದ ಕೂಡಲೇ ಆ ಬ್ಲೇಡು ನಿಲ್ಲುವುದಿಲ್ಲ, ಇನ್ನೂ ಕೆಲವು ಕ್ಷಣ ತಿರುಗುತ್ತಲೇ ಇರುತ್ತದೆ. ಅಷ್ಟರಲ್ಲಿ ಕೊಟ್ರೇಶ ಅದನ್ನು ಬೀಸಿದ. ಹೇಮಾವತಿ ಮುಖ ತಿರುಗಿಸಿ ತೋಳು ಅಡ್ಡ ಕೊಟ್ಟಳು. ಬ್ಲೇಡು ಅಂಗಿಯನ್ನೂ ಕುಪ್ಪಸವನ್ನೂ ಹರಿದು ಭುಜದ ಮಾಂಸದಲ್ಲಿ ಇಳಿಯಿತು. ಅಂಗಿಯ ಬಟ್ಟೆ ಸುತ್ತಿಕೊಂಡು ಮಷಿನ್ ಅಲ್ಲೇ ಕಚ್ಚಿ ನಿಂತಿತು. ಕೊಟ್ರೇಶ ಅದನ್ನು ಕಿತ್ತುಕೊಂಡಾಗ ಅವಳು ಗೋಡೆಗೆ ಒರಗಿ ಹಾಗೇ ಕೆಳಗೆ ಕುಸಿದಳು. ಗೋಡೆಯ ಮೇಲೆ ಅವಳು ಜಾರಿದಷ್ಟುದ್ದ ಕೆಂಪಾಯಿತು.

ಬೆನಕಪ್ಪ ಹಿಂದಿನಿಂದ ಬಂದ. ಕೈಯಲ್ಲಿ ಸುತ್ತಿಗೆಯಿತ್ತು. ಮಗನ ಬಲಗೈ ಮಣಿಕಟ್ಟಿಗೆ ಹೊಡೆದ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು, ಮಷಿನ್ ಕೆಳಗೆ ಬಿತ್ತು. ಕೊಟ್ರೇಶ ಮೊಣಕಾಲೂರಿದ. ಅಲ್ಲಿಗೆ ಮುಗಿಯಬೇಕಿತ್ತು. ಬೆನಕಪ್ಪ ಅವನ ಕೈಯನ್ನು ನೆಲಕ್ಕೆ ಒತ್ತಿ ತುಳಿದು ನಿಂತು, ಬೆರಳುಗಳ ಮೇಲೆ ಮತ್ತೆ ಹೊಡೆದ. ಇನ್ನೊಮ್ಮೆ ಎತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಚಾಣದ ತಲೆಗೆ ಹೊಡೆಯುವಾಗಿನ ಗಮನವಿತ್ತು. ಕೈ ಚೂರೂ ನಡುಗುತ್ತಿರಲಿಲ್ಲ. ಪ್ರವೀಣ ಒಳ್ಳೆಯ ಕೈಯಿಂದ ಸುತ್ತಿಗೆಯ ಹಿಡಿಕೆ ಹಿಡಿದು ಜೋತುಬಿದ್ದ.

"ಸಾಕು ಬಿಡಪ್ಪ, ಸಾಯ್ತಾನೆ," ಎಂದ.

ಇಬ್ಬರನ್ನೂ ಒಂದೇ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಹೇಮಾವತಿ ಅರುಣಾಳ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಎದುರಿಗೆ ಕೊಟ್ರೇಶ ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮಗುವಿನಂತೆ ಅಳುತ್ತಿದ್ದ.

ಮಾರನೆಯ ದಿನ ಪೊಲೀಸರು ಹೇಳಿಕೆ ಪಡೆಯಲು ಬರುವ ಮುಂಚೆ ಬೆನಕಪ್ಪ ಅವಳ ಮಂಚದ ಬಳಿ ಬಂದು ಕೂತ. ಮಷಿನ್ ಜಾರಿತು ಎಂದು ಹೇಳು ತಾಯಿ, ಅವನಿಗೆ ಸಿಗಬೇಕಾದ್ದು ನನ್ನಿಂದಲೇ ಸಿಕ್ಕಿದೆ, ಮನೆಯ ಮಾತು ಮನೆಯಲ್ಲೇ ಇರಲಿ ಎಂದು ಮೆಲ್ಲಗೆ ಹೇಳಿದ. ಪೊಲೀಸರು ಬಂದಾಗ ಹೇಮಾವತಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಲಟ್ಟಣಿಗೆಯದನ್ನೂ, ತುಟಿ ಒಡೆದದ್ದನ್ನೂ ಹೇಳಿದಳು. ಹೊನ್ನಾಳಿಯಲ್ಲಿ ಪ್ರವೀಣನ ಕೈ ಹೇಗೆ ಹೋಯಿತು ಎಂಬುದನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪ್ರವೀಣ, ಅತ್ತಿಗೆ ಹೇಳಿದ್ದು ನಿಜ ಎಂದು ಸಹಿ ಹಾಕಿದ.

ಕೊಟ್ರೇಶ ಕೈಗೆ ಪಟ್ಟಿ ಹಾಕಿಕೊಂಡೇ ಜೈಲಿಗೆ ಹೋದ. ಜಾಮೀನು ಸಿಕ್ಕ ಮೇಲೆ ನ್ಯಾಮತಿಗೆ ಮರಳಿದ. ಹೇಮಾವತಿ ಅಣ್ಣನ ಮನೆಯಲ್ಲೇ ಉಳಿದಳು. ಭುಜದ ಹೊಲಿಗೆ ಬಿಚ್ಚಿ ತೋಳು ಮೇಲಕ್ಕೆ ಏಳುವ ಹಾಗಾದ ಮೇಲೆ ಉಳಿದ ಗೋಡೆಗಳನ್ನು ನಿಧಾನವಾಗಿ ಮುಗಿಸಿದಳು. ಪ್ರವೀಣನೂ ಅಲ್ಲೇ ಇದ್ದ, ಮೂರು ಬೆರಳಲ್ಲಿ ವೈರು ಎಳೆಯುವುದನ್ನು ಕಲಿಯುತ್ತಿದ್ದ. ಸೊಸೆಯ ಜೀವ ಉಳಿಸಿದ ಮಾವ ಎಂದು ಜಗಳೂರಿನ ಜನ ಬೆನಕಪ್ಪನನ್ನು ಹೊಗಳಿದರು. ಅವನು ಅದನ್ನು ಕೇಳಲು ಅಲ್ಲಿರಲಿಲ್ಲ. ಆಸ್ಪತ್ರೆಯಿಂದಲೇ ಊರಿಗೆ ಹೋಗಿದ್ದ.

ಮುಂಗಾರು ಬಿತ್ತನೆ ಶುರುವಾದ ಹೊತ್ತಿಗೆ ಒಂದು ಬೆಳಿಗ್ಗೆ ಸಿದ್ದಲಿಂಗಮ್ಮ ಒಬ್ಬಳೇ ಬಂದಳು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ಒಂದು ಚೀಲ. ಅವಳು ಯಾಕೆ ಬಂದಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಅರುಣಾ ಬಿಗಿದ ಮುಖದಲ್ಲೇ ಚಹ ಕೊಟ್ಟಳು. ಸಿದ್ದಲಿಂಗಮ್ಮ ಮಗನ ಸುದ್ದಿ ಹೇಳಿದಳು. ಅವನ ಬಲಗೈಯಲ್ಲಿ ಲೋಟವೂ ನಿಲ್ಲುವುದಿಲ್ಲ, ತಾನೇ ತುತ್ತು ಮಾಡಿ ಉಣ್ಣಿಸಬೇಕು. ಸಾರು ತಡವಾದರೆ ತಟ್ಟೆಯನ್ನೇ ಒದೆಯುತ್ತಾನೆ. ಗಂಡನದೂ ಸಿಟ್ಟು ಹೆಚ್ಚಾಗಿದೆ. ಸೊಸೆ ಮನೆತನದ ಮಾನ ಕಳೆದಳು, ಅದಕ್ಕೆ ಸಲುಗೆ ಕೊಟ್ಟವಳು ನೀನೇ ಎಂದು ದಿನಾ ತನ್ನ ಮೇಲೆ ಹಾಯುತ್ತಾನೆ.

ಊಟವಾದ ಮೇಲೆ ಅತ್ತೆ ಸೊಸೆ ಇಬ್ಬರೇ ಹೊಸ ಮನೆಯಲ್ಲಿ ಕೂತರು. ಗೋಡೆಗಳಿಗೆ ಗಿಲಾವು ಆಗಿತ್ತು, ಹಸಿ ಸಿಮೆಂಟಿನ ವಾಸನೆಯಿತ್ತು.

"ಕೇಸು ವಾಪಸ್ ತಗೋ ಅಂತ ಹೇಳಾಕೆ ಅಪ್ಪ ಮಗ ಇಬ್ರೂ ಕಳಿಸ್ಯಾರೆ. ಹೇಳೀನಿ," ಎಂದಳು ಸಿದ್ದಲಿಂಗಮ್ಮ. ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನು ನನ್ನ ಮಾತು ಕೇಳು. ತಗೋಬ್ಯಾಡ."

ಹೇಮಾವತಿ ಅತ್ತೆಯನ್ನು ನೋಡಿದಳು. ನೀವು ಬರಿಗೈಯಲ್ಲಿ ಹೋದರೆ ಅವರು ಏನನ್ನುತ್ತಾರೆ ಎಂದು ಕೇಳಿದಳು.

"ಒಪ್ಪಲಿಲ್ಲ ಅಂತೀನಿ. ನಿಂಗೆ ಸರಿಯಾಗಿ ಹೇಳಾಕೆ ಬರಲಿಲ್ಲ ಅಂತಾರೆ. ಇವತ್ತು ರಾತ್ರಿ ಒಂದೇಟು ಎರಡೇಟು ಬೀಳ್ತಾವೆ. ನಂಗೇನು ಹೊಸದಲ್ಲ ಬಿಡು. ನಿಮ್ಮ ಮಾವನ ಸುತ್ತಿಗೆ ನೀನು ನೋಡಿದ್ದು ಒಂದೇ ದಿನ."

ಅಷ್ಟು ಹೇಳಿ ಎದ್ದಳು. ಸಾಯಂಕಾಲದ ಅಡುಗೆಗೆ ಮನೆ ಮುಟ್ಟಬೇಕು ಎಂದಳು. ಹೇಮಾವತಿ ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದಳು. ದಾರಿಯಲ್ಲಿ ಸಿದ್ದಲಿಂಗಮ್ಮ ಪ್ರವೀಣನಿಗೆ ಹೆಣ್ಣು ನೋಡುವ ಮಾತಾಡಿದಳು, ಕಟ್ಟೆಯ ಮೇಲೆ ಬಿತ್ತನೆಗೆಂದು ಒಣಹಾಕಿದ ಶೇಂಗಾ ನೋಡಿ ಈ ಊರಿನ ಕಾಳು ಚೆನ್ನಾಗಿದೆ ಎಂದಳು. ಏಟಿನ ಮಾತು ಮತ್ತೆ ಆಡಲಿಲ್ಲ.

ದಾವಣಗೆರೆ ಬಸ್ಸು ನಿಂತಿತ್ತು. ಕುರಿ ಮಾರಿ ಬಂದವರು ಗಲಾಟೆ ಮಾಡುತ್ತ ಹತ್ತುತ್ತಿದ್ದರು. ಸಿದ್ದಲಿಂಗಮ್ಮ ಕಂಬಿ ಹಿಡಿದು ಮೆಟ್ಟಿಲೇರಿ ಚೀಲಕ್ಕೆ ಕೈಚಾಚಿದಳು. ಹೇಮಾವತಿ ಚೀಲ ಕೊಡಲಿಲ್ಲ. ಕಂಡಕ್ಟರು ಹೋಗೋಣ ಎಂದು ಬಸ್ಸಿನ ಬದಿಗೆ ಬಡಿದ. ಸಿದ್ದಲಿಂಗಮ್ಮ ಮತ್ತೆ ಕೈಚಾಚಿದಳು.

"ಇಳೀರಿ ಅತ್ತೆ," ಎಂದಳು ಹೇಮಾವತಿ.

"ಅವ್ರಿಗೆ ಊಟ?"

"ಮಾಡ್ಕೊಳ್ಳಲಿ."

ಹಿಂದಿದ್ದವರು ಒಳಗೆ ಹೋಗಿರಿ ಇಲ್ಲವೇ ಇಳಿಯಿರಿ ಎಂದು ಕೂಗಿದರು. ಸಿದ್ದಲಿಂಗಮ್ಮ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಳು. ಒಮ್ಮೆ ಬಸ್ಸಿನ ಒಳಗೆ ನೋಡಿದಳು, ಒಮ್ಮೆ ಸೊಸೆಯ ಕೈಯಲ್ಲಿದ್ದ ಚೀಲವನ್ನು ನೋಡಿದಳು. ಆಮೇಲೆ ಒಂದು ಕಾಲನ್ನು ಕೆಳಗಿಟ್ಟಳು. ಹೇಮಾವತಿ ಮುಂದೆ ಬಂದು, ನೋಯುವ ಭುಜದ ಕಡೆಯ ಕೈಯನ್ನೇ ಅವಳಿಗೆ ಕೊಟ್ಟಳು.